ಅಣ್ಣನ ಫ್ರಿಜ್ಜಿನಲ್ಲಿ ಹಿಮದೂರಿನ ಹೂ

ಆಗಲಿಕ್ಕಿಲ್ಲ ಎಂದು ನನ್ನ ಮುಖಕ್ಕೇ ಹೇಳಿದವರು ಇಬ್ಬರು. ಒಬ್ಬ ನನ್ನ ಸ್ವಂತ ಅಣ್ಣ ದಾಮೋದರ. ಬಹ್ರೈನಿನಲ್ಲಿ ಏಸಿ, ಫ್ರಿಜ್ಜು ರಿಪೇರಿ ಮಾಡುತ್ತಾ ಹನ್ನೊಂದು ವರ್ಷ ಕಳೆದವನು, ಯಂತ್ರದ ಶಬ್ದ ಕೇಳಿಯೇ ಅದರ ರೋಗ ಹೇಳುವವನು. ಇನ್ನೊಬ್ಬರು ಅಲ್ಲಿನ ರಾಜಧಾನಿ ಮನಾಮಾದಲ್ಲಿದ್ದ ಮಿಸೆಸ್ ಲೋಗನ್. ಸ್ಕಾಟ್ಲೆಂಡಿನವರು, ತಮ್ಮ ಊರಿನ ಕೋರಿಡಾಲಿಸ್ ಎಂಬ ಹೂವನ್ನು ಆ ದ್ವೀಪದಲ್ಲಿ ಅರಳಿಸಲು ಎರಡು ವರ್ಷ ಹೆಣಗಿ ಕೈಬಿಟ್ಟವರು. ಇಬ್ಬರೂ ಸುಮ್ಮನೆ ಮಾತಾಡುವ ಜನ ಅಲ್ಲ. ಆದರೂ ನಾನು ಒಪ್ಪಲಿಲ್ಲ. ನೋಡಲೆಂದು ಹೋದ ಊರಿನಲ್ಲಿ ಐದು ತಿಂಗಳು ನಿಂತದ್ದು ಈ ಒಂದು ಹಟಕ್ಕೆ.

ಅರಾದ್

ವಿಮಾನ ಇಳಿದದ್ದು ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ. ಮಂಗಳೂರಿನ ಸೆಕೆ ಕಂಡವಳಿಗೆ ಇದೇನು ಮಹಾ ಎಂದುಕೊಂಡು ಬಂದಿದ್ದೆ. ಬಾಗಿಲು ತೆರೆದಾಗ, ಕುಚ್ಚಲಕ್ಕಿ ಬೇಯುವ ಹಂಡೆಯ ಮುಚ್ಚಳ ತೆಗೆದ ಹಾಗೆ ಹಬೆ ಮುಖಕ್ಕೆ ಹೊಡೆಯಿತು. ಕಸ್ಟಮ್ಸಿನ ಯುವಕ ನನ್ನ ಪೆಟ್ಟಿಗೆಯಿಂದ ಹಲಸಿನ ಹಪ್ಪಳದ ಕಟ್ಟು ಎತ್ತಿ, ಒಂದನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಬಡಿದು, "ಇದು ಯಾವ ಪ್ರಾಣಿಯ ಚರ್ಮ?" ಎಂದು ಹಿಂದಿಯಲ್ಲಿ ಕೇಳಿದ. ತಿನ್ನುವಂಥದ್ದು ಎಂದೆ. ಒಂದು ಚೂರು ಮುರಿದು ಹಸಿಯಾಗಿಯೇ ಬಾಯಿಗೆ ಹಾಕಿಕೊಂಡ. ಮುಖ ಹುಳ್ಳಗೆ ಮಾಡಿ, ಪೆಟ್ಟಿಗೆಗೆ ಸೀಮೆಸುಣ್ಣದ ಗುರುತು ಎಳೆದು ಕೈಬೀಸಿ ಕಳಿಸಿದ.

ಅಣ್ಣನ ಮನೆ ವಿಮಾನ ನಿಲ್ದಾಣದ ಹತ್ತಿರವೇ, ಅರಾದಿನಲ್ಲಿ. ಹೊರಗೆ ಬೆಂಕಿ, ಒಳಗೆ ಅತ್ತಿಗೆ ಸರೋಜ ಸ್ವೆಟರ್ ಹಾಕಿಕೊಂಡು ಬಾಗಿಲು ತೆರೆದರು. ಇಂಥ ತಮಾಷೆ ನಾನು ಎಲ್ಲಿಯೂ ಕಂಡಿರಲಿಲ್ಲ. ಆ ದೇಶದಲ್ಲಿ ಮೂಲೆಯಂಗಡಿಗೆ ಕೋಲ್ಡ್ ಸ್ಟೋರ್ ಎನ್ನುತ್ತಾರೆ. ಬೆಂಕಿಪೊಟ್ಟಣ ಬೇಕಾದರೂ ಕೋಲ್ಡ್ ಸ್ಟೋರಿಗೇ ಹೋಗಬೇಕು. ನಮ್ಮ ಕರಾವಳಿಯಲ್ಲಿ ಚಳಿ ಎನ್ನುವುದು ಡಿಸೆಂಬರಿನಲ್ಲಿ ನಾಲ್ಕು ಬೆಳಗ್ಗೆ ಬಂದು ಹೋಗುವ ನೆಂಟ. ಇಲ್ಲಿ ಅದು ಮನೆಮನೆಯಲ್ಲಿ ತಯಾರಾಗುವ ಸರಕು, ಅದನ್ನು ತಯಾರಿಸುವವನು ನನ್ನ ಅಣ್ಣ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ನಾನೊಬ್ಬಳೇ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು. ಅಮ್ಮ ಬೀಡಿ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಎಲೆ ಕತ್ತರಿಸುತ್ತಾ ಗಿಡಗಳ ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿದೆ. ಕೃಷಿ ಕಾಲೇಜಿನ ನಮ್ಮ ತಂಡದಲ್ಲಿ ಇದ್ದದ್ದು ಮೂರೇ ಹುಡುಗಿಯರು. ಹೆಸರಿನ ಜೊತೆ ಬಿ.ಎಸ್ಸಿ. ಎಂದು ಬರೆಯುವ ಹಕ್ಕು ಸಿಕ್ಕಿ ನಾಲ್ಕು ತಿಂಗಳಾಗಿತ್ತು, ಬರೆಯಲು ಜಾಗ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಅರ್ಜಿ ಹಾಕಿದ ಕಡೆಯಿಂದ ಕಾಗದ ಬರುವ ತನಕ ಬಂದು ಹೋಗು ಎಂದು ಅಣ್ಣ ಕರೆಸಿಕೊಂಡಿದ್ದ.

"ಏನು ಕಲಿತೆ ಅಂತ ಕೇಳಿದ್ರೆ ಜನರಿಗೆ ನಾನು ಎಂತ ಹೇಳ್ಬೇಕು?" ಎಂದು ಮೊದಲ ದಿನವೇ ಕೇಳಿದ.

"ಕೃಷಿ ವಿಜ್ಞಾನ ಅಂತ ಹೇಳು."

"ಅದಕ್ಕೆ ಕಾಲೇಜು ಬೇಕಾ? ನಮ್ಮ ಅಜ್ಜ ಯಾವ ಕಾಲೇಜಿಗೆ ಹೋಗಿ ಗೆಣಸು ನೆಟ್ಟದ್ದು?"

ಅತ್ತಿಗೆ ನಕ್ಕರು. ನಾನು ನಗಲಿಲ್ಲ.

ಮನಾಮಾ

ಅಣ್ಣನ ಪಿಕಪ್ಪಿನಲ್ಲಿ, ಏಣಿ ಮತ್ತು ಗ್ಯಾಸಿನ ಸಿಲಿಂಡರುಗಳ ಜೊತೆ, ಸಮುದ್ರದ ಮೇಲಿನ ರಸ್ತೆ ದಾಟಿ ಮನಾಮಾ ನೋಡಲು ಹೋದೆ. ಆಗ ಸೌದಿಗೆ ಸೇತುವೆ ಕಟ್ಟುವ ಕೆಲಸ ನಡೆದಿತ್ತು, ಎಲ್ಲರ ಬಾಯಲ್ಲೂ ಅದೇ ಮಾತು. ಅಣ್ಣನಿಗೆ ಒಂದು ಮನೆಯಲ್ಲಿ ಏಸಿ ನೋಡಲಿಕ್ಕಿತ್ತು. ಅದು ಮಿಸೆಸ್ ಲೋಗನ್ ಅವರ ಮನೆ.

ಅಣ್ಣ ಏಣಿ ಹತ್ತಿದ. ನಾನು ಹಿತ್ತಿಲಿಗೆ ಹೋದೆ. ಕಣಗಿಲೆ, ಬೋಗನ್‌ವಿಲ್ಲಾ, ಎರಡು ಖರ್ಜೂರದ ಮರ. ಮೂಲೆಯಲ್ಲಿ ಒಂದು ಖಾಲಿ ಮಣ್ಣಿನ ಕುಂಡ, ಅದರಲ್ಲಿ ಚುಚ್ಚಿದ ಒಂದು ಚೀಟಿ. ಓದಿದೆ: ಕೋರಿಡಾಲಿಸ್ ಸಾಲಿಡಾ. ಗಟ್ಟಿಯಾಗಿಯೇ ಓದಿದೆ ಎಂದು ಕಾಣುತ್ತದೆ, ಹಿಂದಿನಿಂದ ಯಾರೋ ಇಂಗ್ಲಿಷಿನಲ್ಲಿ, "ಈ ಹೆಸರು ನಿನಗೆ ಹೇಗೆ ಗೊತ್ತು?" ಎಂದರು.

ತೆಳ್ಳಗೆ ಎತ್ತರದ ಹೆಂಗಸು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಕೃಷಿ ಪದವೀಧರೆ ಎಂದು ಪರಿಚಯ ಹೇಳಿಕೊಂಡೆ. ಆ ಗಿಡ ಕಣ್ಣಾರೆ ಕಂಡದ್ದಿಲ್ಲ, ಪುಸ್ತಕದಲ್ಲಿ ಅರ್ಧ ಪುಟ ಓದಿದ್ದೇನೆ ಎಂದೂ ಹೇಳಿದೆ. ಅವರು ಕುರ್ಚಿ ಎಳೆದು ಕೂರಿಸಿ ಉಳಿದ ಅರ್ಧ ಪುಟ ಹೇಳಿದರು.

"ನಮ್ಮಲ್ಲಿ ಹಿಮ ಇನ್ನೂ ಪೂರ್ತಿ ಕರಗಿರುವುದಿಲ್ಲ. ಮರಗಳಲ್ಲಿ ಒಂದು ಎಲೆ ಇರುವುದಿಲ್ಲ. ಆಗ ಇದು ಏಳುತ್ತದೆ. ಮರಕ್ಕೆ ಎಲೆ ಬಂದು ನೆರಳು ಮುಚ್ಚುವಷ್ಟರಲ್ಲಿ ಹೂ ಬಿಟ್ಟು, ಬೀಜ ಚೆಲ್ಲಿ, ಮತ್ತೆ ಮಣ್ಣೊಳಗೆ. ಬೇಸಗೆಗೆ ಬಂದವರಿಗೆ ಅಲ್ಲಿ ಗಿಡ ಇತ್ತೆಂದೇ ಗೊತ್ತಾಗುವುದಿಲ್ಲ. ನನ್ನ ತಾಯಿ ಒಂದು ಮರದಡಿ ಒಂದು ಹಿಡಿ ಗೆಡ್ಡೆ ಊರಿದರು, ಅಷ್ಟೇ. ಬೀಜವನ್ನು ಇರುವೆ ಹೊತ್ತು ಹೊತ್ತು ಈಗ ತೋಟವಿಡೀ ಅದೇ."

ನನಗೆ ನಮ್ಮ ನೆಲಸಂಪಿಗೆ ನೆನಪಾಯಿತು. ಅದೂ ಹೀಗೇ, ಎಲೆಗೆ ಕಾಯದೆ ಮೊದಲ ಮಳೆಗೆ ಬರಿ ನೆಲದಿಂದ ಹೂ ಬಿಟ್ಟು ಕೂತಿರುತ್ತದೆ. ಅದಕ್ಕೆ ಮಳೆಯ ಗಡಿಯಾರ, ಇದಕ್ಕೆ ಚಳಿಯದು. ಮೂರು ತಿಂಗಳಿಗೆ ಮೇಲೆ ಚಳಿ ತಾಗದಿದ್ದರೆ ಈ ಗೆಡ್ಡೆಗೆ ಬೆಳಗಾದದ್ದೇ ಗೊತ್ತಾಗುವುದಿಲ್ಲ.

"ಈ ದ್ವೀಪದಲ್ಲಿ ಅದು ಯಾವತ್ತೂ ಅರಳುವುದಿಲ್ಲ, ಮಗು," ಎಂದರು ಮಿಸೆಸ್ ಲೋಗನ್. "ನವೆಂಬರಿನಲ್ಲಿ ನೆಟ್ಟು ನೋಡಿದೆ, ಡಿಸೆಂಬರಿನಲ್ಲಿ ನೆಟ್ಟು ನೋಡಿದೆ. ಈ ಸಲವೂ ನನ್ನ ತಂಗಿ ಗೆಡ್ಡೆ ಕಳಿಸಿದ್ದಾಳೆ. ನೆಡಲು ಮನಸ್ಸಾಗಲಿಲ್ಲ."

ಏಣಿಯ ಮೇಲಿಂದ ಅಣ್ಣ ತುಳುವಿನಲ್ಲಿ ಕೂಗಿದ: "ಅವರೇ ಹೇಳ್ತಾ ಇದ್ದಾರಲ್ಲ ಮಾರಾಯ್ತಿ. ಖರ್ಜೂರದ ಊರಲ್ಲಿ ಹಿಮದ ಗಿಡ ಎಲ್ಲಿಯಾದ್ರೂ ಬರ್ಲಿಕ್ಕುಂಟಾ?"

"ಈ ಊರಿಗೆ ಚಳಿ ಮಾಡಿ ಕೊಡುವವನು ನೀನು. ನೀನೇ ಇಲ್ಲ ಅಂತಿಯಲ್ಲ," ಎಂದೆ.

ಅಲ್ಲಿನ ಯುರೋಪಿಯನ್ನರು ವಸಂತದಲ್ಲಿ ಒಂದು ಹೂವಿನ ಪ್ರದರ್ಶನ ನಡೆಸುತ್ತಿದ್ದರು. ಅದರ ಒಂದು ಪದ್ಧತಿ ಅಣ್ಣ ಮೊದಲೇ ಹೇಳಿದ್ದ. ಗಿಡ ಸಾಕುವವರು ಕೇರಳದ, ಪಾಕಿಸ್ತಾನದ ಮಾಲಿಗಳು. ಮುಂಜಾನೆ ಕುಂಡ ಹೊತ್ತು ತಂದಿಟ್ಟು ಹಿಂದೆ ಗೋಡೆಗೆ ಒರಗಿ ನಿಲ್ಲುವವರೂ ಅವರೇ. ಕಾರ್ಡಿನ ಮೇಲೆ ಇರುವುದು ಮಾತ್ರ ಬಂಗಲೆಯವರ ಹೆಸರು. ಅದರಲ್ಲಿ ಯಾರಿಗೂ ತಪ್ಪು ಕಂಡಂತಿರಲಿಲ್ಲ.

"ಗೆಡ್ಡೆ ನನಗೆ ಕೊಡಿ," ಎಂದೆ ಮಿಸೆಸ್ ಲೋಗನ್ ಅವರಿಗೆ. "ಹೂ ಬಂದರೆ ಪ್ರದರ್ಶನಕ್ಕೆ ಇಡೋಣ. ಆದರೆ ಕಾರ್ಡಿನ ಮೇಲೆ ನನ್ನ ಹೆಸರು ಇರಬೇಕು, ಜೊತೆಗೆ ಬಿ.ಎಸ್ಸಿ. ಅಂತಲೂ ಇರಬೇಕು."

ಅವರು ಕೇಳಿದರು, "ಬರದಿದ್ದರೆ?"

"ಬರದಿದ್ದರೆ ನಾನು ಓದಿದ್ದು ಸಾಲದು ಅಂತ ನಾನೇ ಒಪ್ಪಿಕೊಳ್ಳುತ್ತೇನೆ. ನನ್ನ ಅಣ್ಣನ ಎದುರಿಗೆ."

ಕೈಕುಲುಕಿದರು. ಒಳಗಿನಿಂದ ಒಂದು ಪೊಟ್ಟಣ ತಂದುಕೊಟ್ಟರು. ಒದ್ದೆ ಮರದ ಹೊಟ್ಟಿನಲ್ಲಿ ಇಪ್ಪತ್ತನಾಲ್ಕು ಗೆಡ್ಡೆ, ಗೋಲಿಯಷ್ಟು ಗಾತ್ರ, ತಿಳಿ ಹಳದಿ.

ಮುಹರ್ರಕ್ ಪೇಟೆ

ಈಗ ನನ್ನ ಮೂರ್ಖತನದ ಕತೆ. ಬಿಟ್ಟು ಹೇಳಬಹುದು, ಆದರೆ ಅದು ಸುಳ್ಳಾಗುತ್ತದೆ.

ನಮ್ಮ ಕಡೆ ಶುಂಠಿಯೋ ಅರಸಿನವೋ ಸುವರ್ಣಗೆಡ್ಡೆಯೋ, ಬಿತ್ತಲಿಕ್ಕೆಂದು ಇಟ್ಟದ್ದಕ್ಕೆ ಬೂದಿ ಹಚ್ಚಿ ನೆರಳಲ್ಲಿ ಆರಿಸುತ್ತೇವೆ. ಇಲ್ಲದಿದ್ದರೆ ಕೊಳೆಯುತ್ತದೆ. ಅಮ್ಮ ಮಾಡುವುದನ್ನು ಕಂಡು ಬೆಳೆದವಳು ನಾನು. ಒದ್ದೆ ಹೊಟ್ಟಿನಲ್ಲಿ ಬಿದ್ದಿರುವ ಗೆಡ್ಡೆ ನೋಡಿದಾಗ ನನ್ನ ಕೈ ತಾನಾಗಿಯೇ ಬೂದಿ ಹುಡುಕಿತು.

ಬಹ್ರೈನಿನಲ್ಲಿ ಬೂದಿ ಎಲ್ಲಿಂದ? ಅಡುಗೆಗೆ ಎಲ್ಲರಲ್ಲೂ ಗ್ಯಾಸು. ಹತ್ತಿರದ ಮುಹರ್ರಕ್ ಪೇಟೆಯಲ್ಲಿ ಒಬ್ಬ ಇರಾನಿ ಮಾತ್ರ ಇನ್ನೂ ಕಟ್ಟಿಗೆ ಉರಿಸಿ ರೊಟ್ಟಿ ಸುಡುತ್ತಾನೆ ಎಂದು ಅತ್ತಿಗೆ ಹೇಳಿದರು. ಇಬ್ಬರೂ ಹೋದೆವು. ಅವನು ಗೋಡೆಯೊಳಗಿನ ಬೆಂಕಿಗೆ ತೋಳು ತೂರಿಸಿ ರೊಟ್ಟಿ ಅಂಟಿಸುವುದು, ಕೊಕ್ಕೆಯಲ್ಲಿ ಎಳೆಯುವುದು ನೋಡುವುದೇ ಒಂದು ಚಂದ. ಕಪ್ಪು ಅಬಾಯಾ ಹೊದ್ದ ಹೆಂಗಸರು ಸಾಲಾಗಿ ನಿಂತಿದ್ದರು. ನಮ್ಮ ಸರದಿ ಬಂತು.

"ಎಷ್ಟು?" ಎಂದ ಉರ್ದುವಿನಲ್ಲಿ.

"ರೊಟ್ಟಿ ಬೇಡ. ಬೂದಿ ಬೇಕು."

"ಪಾತ್ರೆ ತಿಕ್ಕಲಿಕ್ಕೆ ಸೋಪು ಸಿಗುತ್ತದಲ್ಲ, ಬೆಹೆನ್?"

"ಗೆಡ್ಡೆಗೆ ಹಚ್ಚಲಿಕ್ಕೆ."

ಅವನು ಅದನ್ನು ಅರಬ್ಬಿಯಲ್ಲಿ ಸಾಲಿಗೆಲ್ಲ ಹೇಳಿದ. ಅಬಾಯಾಗಳು ಒಟ್ಟಾಗಿ ಅಲುಗಾಡಿದವು, ಒಳಗೆ ನಗು. ಆಮೇಲೆ ಒಂದು ಡಬ್ಬ ತುಂಬ ಬೂದಿ, ಮೇಲೆ ಒಂದು ಬಿಸಿ ರೊಟ್ಟಿ ಇಟ್ಟುಕೊಟ್ಟ. "ಇಪ್ಪತ್ತು ವರ್ಷದಲ್ಲಿ ನನ್ನ ಬೂದಿಗೆ ಬಂದ ಮೊದಲ ಗಿರಾಕಿ ನೀನು," ಎಂದ.

ಗೆಡ್ಡೆಗಳಿಗೆ ಬೂದಿ ಹಚ್ಚಿ ತಾರಸಿಯ ನೆರಳಲ್ಲಿ ಹರಡಿದೆ. ಆದರೆ ಎಲ್ಲಕ್ಕೂ ಅಲ್ಲ. ಹನ್ನೆರಡಕ್ಕೆ ಹಚ್ಚಿದೆ, ಹನ್ನೆರಡನ್ನು ಹಾಗೆಯೇ ಒದ್ದೆ ಹೊಟ್ಟಿನಲ್ಲಿ ಬಿಟ್ಟೆ. ಏನೇ ಮಾಡುವುದಿದ್ದರೂ ಅರ್ಧಕ್ಕೆ ಮಾಡು, ಅರ್ಧ ಮುಟ್ಟಬೇಡ, ಆಮೇಲೆ ಎರಡನ್ನೂ ನೋಡು ಎಂದು ಕಾಲೇಜಿನಲ್ಲಿ ನಾಲ್ಕು ವರ್ಷ ಬಡಿದು ಕಲಿಸಿದ್ದರು.

ಆ ವಾರ ಉತ್ತರದ ಒಣಗಾಳಿ ಬೀಸಿತು. ಐದನೆಯ ದಿನ ನೋಡಿದರೆ ಬೂದಿ ಹಚ್ಚಿದ ಹನ್ನೆರಡೂ ಒಣದ್ರಾಕ್ಷಿಯಾಗಿದ್ದವು. ಹಿಸುಕಿದರೆ ಒಳಗೆ ಪುಡಿ. ಮುಟ್ಟದೆ ಬಿಟ್ಟವು ಗೋಲಿಯಂತೆ ಗಟ್ಟಿ.

ಕುಳಿತು ಯೋಚಿಸಿದೆ. ನಮ್ಮ ಶುಂಠಿಯ ಶತ್ರು ನೀರು, ಅದಕ್ಕೆ ಬೂದಿ. ಈ ಗೆಡ್ಡೆಯ ಸಿಪ್ಪೆ ಈರುಳ್ಳಿಯ ಒಳಪೊರೆಯಷ್ಟು ತೆಳು, ಅದರ ಶತ್ರು ಒಣಗುವುದು. ಅಮ್ಮನ ಬುದ್ಧಿ ಅಮ್ಮನ ಊರಿನ ಹವೆಗೆ ಹುಟ್ಟಿದ್ದು. ಹವೆಯನ್ನು ಅಲ್ಲಿ ಬಿಟ್ಟು ಬುದ್ಧಿಯನ್ನು ಮಾತ್ರ ಪೆಟ್ಟಿಗೆಯಲ್ಲಿ ತಂದಿದ್ದೆ.

ಸತ್ತ ಹನ್ನೆರಡನ್ನೂ ಕಾಗದದಲ್ಲಿ ಕಟ್ಟಿ, ಬಸ್ಸು ಹಿಡಿದು, ಮಿಸೆಸ್ ಲೋಗನ್ ಅವರ ಮೇಜಿನ ಮೇಲೆ ಬಿಚ್ಚಿಟ್ಟೆ. ಏನು ಮಾಡಿದೆ ಎಂದು ಒಂದೂ ಮುಚ್ಚಿಡದೆ ಹೇಳಿದೆ.

"ನಾನು ಐವತ್ತು ಕೊಲ್ಲಲು ಎರಡು ವರ್ಷ ತೆಗೆದುಕೊಂಡೆ," ಎಂದರು ಅವರು. "ನೀನು ಐದು ದಿನದಲ್ಲಿ ಹನ್ನೆರಡು. ನಿನ್ನ ಕೈ ಚುರುಕು."

ನಾನು ತಲೆ ತಗ್ಗಿಸಲಿಲ್ಲ, ಆದರೆ ಕಿವಿ ಬಿಸಿಯಾಯಿತು.

"ಉಳಿದ ಹನ್ನೆರಡಕ್ಕೆ ಯಾಕೆ ಹಚ್ಚಲಿಲ್ಲ?"

"ಹೋಲಿಸಿ ನೋಡಲಿಕ್ಕೆ ಬೇಕಲ್ಲ."

ಅವರು ಒಣಗಿದ ಒಂದು ಗೆಡ್ಡೆಯನ್ನು ಬೆರಳಿನಲ್ಲಿ ಹೊರಳಿಸಿದರು. "ಹಾಗಾದರೆ ಇನ್ನೂ ಆಟ ಮುಗಿದಿಲ್ಲ," ಎಂದು ತಮ್ಮ ಥರ್ಮಾಮೀಟರನ್ನೂ, ಅವರ ದೇಶದಿಂದ ಬಂದ ಒಂದು ಚೀಲ ಪೀಟ್ ಎಂಬ ಕಪ್ಪು ಹುಡಿಮಣ್ಣನ್ನೂ ಕೊಟ್ಟು ಕಳಿಸಿದರು.

ಅರಾದ್, ಫ್ರಿಜ್ಜಿನ ಮುಂದೆ

ಹಾಲಿನಪುಡಿಯ ನಾಲ್ಕು ಖಾಲಿ ಡಬ್ಬಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದೆ. ಮರಳನ್ನು ಉಪ್ಪು ಹೋಗುವ ತನಕ ತೊಳೆದು, ಪೀಟಿನೊಂದಿಗೆ ಬೆರೆಸಿ, ಡಬ್ಬಕ್ಕೆ ಮೂರರಂತೆ ಗೆಡ್ಡೆ ಊರಿದೆ. ಅಲ್ಲಿನ ನಲ್ಲಿ ನೀರು ಬಾಯಿಗೆ ಹಾಕಿದರೇ ಉಪ್ಪು, ಗಿಡಕ್ಕೆ ಹಾಕುವಂತಿಲ್ಲ. ಅಣ್ಣ ಕಿಟಕಿಯ ಏಸಿಯ ಹಿಂಭಾಗ ತೋರಿಸಿದ. ಟಿಪ್ ಟಿಪ್ ಎಂದು ನೀರು ಬೀಳುತ್ತಿತ್ತು. ಗಾಳಿಯಿಂದ ಇಳಿದ ನೀರು, ಮಳೆಯಷ್ಟೇ ಶುದ್ಧ. ನಮ್ಮ ಊರಿನಲ್ಲಿ ಸೂರಿನಡಿ ಹಂಡೆ ಇಡುವ ಹಾಗೆ ನಾನು ಏಸಿಯ ಅಡಿ ಬಕೆಟ್ ಇಟ್ಟೆ. ಚಳಿಗಾಲದಲ್ಲಿ ಏಸಿ ನಿಲ್ಲುತ್ತದೆ ಎಂದು ಅಕ್ಟೋಬರಿನಲ್ಲೇ ಆರು ಕ್ಯಾನು ತುಂಬಿಸಿಟ್ಟೆ.

ಡಬ್ಬಗಳಿಗೆ ಚಳಿಗಾಲ ಮಾಡಿಕೊಡಲಿಕ್ಕೆ ಇಟ್ಟ ಫ್ರಿಜ್ಜು ಅಣ್ಣನ ವರ್ಕ್‌ಶಾಪಿನಲ್ಲಿ ಯಾರೋ ಬಿಟ್ಟುಹೋದದ್ದು. "ಗಿಡ ಬರ್ಲಿಕ್ಕಿಲ್ಲ, ಅದು ಬೇರೆ ಮಾತು. ಆದರೆ ಚಳಿ ಸರಿ ಇರ್ಲಿಲ್ಲ ಅಂತ ನೀನು ನಾಳೆ ನನ್ನ ತಲೆಗೆ ಹಾಕ್ಬಾರ್ದು," ಎಂದು ಮೂರು ದಿನ ಥರ್ಮೋಸ್ಟಾಟ್ ಬಿಚ್ಚಿ ಕಟ್ಟಿದ. "ನಾಲ್ಕು ಡಿಗ್ರಿ ಅಂದ್ರೆ ನಾಲ್ಕು. ಮೂರೂ ಅಲ್ಲ, ಐದೂ ಅಲ್ಲ."

ಶುಕ್ರವಾರ ರಜೆ. ಅಣ್ಣನ ಗೆಳೆಯರು ಮೀನು ಹಿಡಿದುಕೊಂಡು ಊಟಕ್ಕೆ ಬರುತ್ತಿದ್ದರು. ಬಂದವರೆಲ್ಲ ಒಮ್ಮೆ ಫ್ರಿಜ್ಜಿನ ಬಾಗಿಲು ತೆರೆದು ನೋಡಬೇಕು.

"ಏನು ದಾಮಣ್ಣ, ತಂಗಿ ಮಣ್ಣನ್ನು ಫ್ರಿಜ್ಜಲ್ಲಿ ಇಟ್ಟಿದ್ದಾಳೆ, ಬಂಗುಡೆ ಹೊರಗೆ ಉಂಟು?"

"ಬಿ.ಎಸ್ಸಿ. ಮಾಡಿದ್ರೆ ಹಾಗೇ ಮಾರಾಯ," ಎನ್ನುತ್ತಿದ್ದ ಅಣ್ಣ.

ನವೆಂಬರಿನ ಒಂದು ದಿನ ಬಾಗಿಲು ತೆರೆದರೆ ಡಬ್ಬವೊಂದಕ್ಕೆ ಒತ್ತಿಕೊಂಡು ಒಂದು ಚೀಲ ಸೇಬು. ನೆಂಟರು ಬರುತ್ತಾರೆಂದು ಅತ್ತಿಗೆ ಇಟ್ಟು ವಾರವಾಗಿತ್ತಂತೆ. ಡಬ್ಬಗಳ ಹಿಂದೆ ಇದ್ದುದರಿಂದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಸೇಬನ್ನೆಲ್ಲ ಹೊರಗೆ ಎಳೆದು ಹಾಕಿದೆ.

"ಸೇಬು ಎಂತ ಮಾಡ್ತದೆ ನಿನ್ನ ಗಿಡಕ್ಕೆ? ಕಚ್ಚುತ್ತದಾ?" ಅಣ್ಣನಿಗೆ ಸಿಟ್ಟು ಬಂತು.

"ಅತ್ತಿಗೆ, ಊರಲ್ಲಿ ಬಾಳೆಗೊನೆ ಬೇಗ ಹಣ್ಣಾಗ್ಬೇಕಾದ್ರೆ ಎಂತ ಮಾಡ್ತೀರಿ?"

"ಹುಲ್ಲಲ್ಲಿ ಮುಚ್ಚಿ, ನಡುವೆ ಒಂದು ಹಣ್ಣಾದದ್ದು ಇಡುದು."

"ಆ ಒಂದು ಹಣ್ಣು ಉಳಿದದ್ದನ್ನು ಹೇಗೆ ಹಣ್ಣು ಮಾಡ್ತದೆ? ಅದರ ಉಸಿರು. ಸೇಬಿಗೂ ಅದೇ ಉಸಿರು ಉಂಟು. ಗೆಡ್ಡೆಯ ಒಳಗಿನ ಮೊಗ್ಗಿಗೆ ಅದು ತಾಗಿದ್ರೆ ಮೊಗ್ಗು ಒಣಗ್ತದೆ."

ಅತ್ತಿಗೆಗೆ ಅಷ್ಟೇ ಸಾಕಾಯಿತು. ಮರುದಿನದಿಂದ ಆ ಫ್ರಿಜ್ಜಿಗೆ ಲಿಂಬೆಹುಳಿಯೂ ಹೋಗಲಿಲ್ಲ. ಅಣ್ಣ ಕೆಲಸಕ್ಕೆ ಹೋಗುವ ಮೊದಲು ಥರ್ಮಾಮೀಟರ್ ನೋಡಿ ಬಾಗಿಲ ಮೇಲೆ ಪೆನ್ಸಿಲಿನಲ್ಲಿ ಬರೆಯಲು ಶುರುಮಾಡಿದ. ನಾನು ಹೇಳಿರಲಿಲ್ಲ.

ಕ್ರಿಸ್ಮಸ್ ಕಳೆದು ಒಂದು ಬೆಳಗ್ಗೆ ಅವನೇ ಕೂಗಿದ. "ವಾರಿಜ, ಇಲ್ಲಿ ಬಾ. ತಳದಲ್ಲಿ ಬಿಳಿ ಹುಳ ಬಂದಿದೆ."

ಡಬ್ಬ ಎತ್ತಿ ನೋಡಿದೆ. ತೂತಿನಿಂದ ನೂಲಿನಂಥ ನಾಲ್ಕು ಎಳೆ. "ಹುಳ ಅಲ್ಲ ಅಣ್ಣ. ಬೇರು."

"ಇಷ್ಟು ಚಳಿಯಲ್ಲಿ?"

"ಚಳಿಯಲ್ಲೇ."

ತಾರಸಿ

ಜನವರಿ ಕೊನೆಗೆ ಹದಿನಾಲ್ಕು ವಾರ ತುಂಬಿತು. ಅಷ್ಟರಲ್ಲಿ ಬಹ್ರೈನಿಗೂ ಅದರದೇ ಚಳಿಗಾಲ ಬಂದಿತ್ತು. ನಮ್ಮ ಜನರು ಕಿವಿಗೆ ಮಫ್ಲರ್ ಸುತ್ತಿ ಓಡಾಡುತ್ತಿದ್ದರು, ಮಿಸೆಸ್ ಲೋಗನ್ ಅರೆತೋಳಿನ ಅಂಗಿಯಲ್ಲೇ ಇದ್ದರು. ಡಬ್ಬಗಳನ್ನು ತಾರಸಿಗೆ ಒಯ್ದು ನೀರಿನ ಟ್ಯಾಂಕಿನ ಉತ್ತರಕ್ಕೆ, ಬೆಳಕು ಇದ್ದು ಬಿಸಿಲು ಬೀಳದಲ್ಲಿ ಇಟ್ಟೆ. ಅಲ್ಲಿಗೆ ಥರ್ಮಾಮೀಟರ್ ನೋಡುವ ಕೆಲಸ ಮುಗಿಯಿತು. ಇನ್ನು ಗಿಡದ ಇಷ್ಟ.

ಐದನೆಯ ದಿನ ನಸುಗೆಂಪು ಮೂತಿಗಳು ಮಣ್ಣು ಸೀಳಿ ಬಂದವು. ಹತ್ತನೆಯ ದಿನ ಎಲೆ ಬಿಚ್ಚಿತು. ಬೂದುಹಸಿರು, ಕತ್ತರಿಸಿದಂಥ ಎಲೆ, ಥೇಟ್ ಕೊತ್ತಂಬರಿಯೇ.

"ಸಾರಿಗೆ ಹಾಕ್ಬಹುದಾ?" ಎಂದರು ಅತ್ತಿಗೆ.

"ಹಾಕಿದ್ರೆ ಸಾರು ಕಡೆಯದ್ದಾಗ್ತದೆ. ವಿಷ."

ಫೆಬ್ರುವರಿ ನಡುವೆ ಒಂದು ದಿನ ಮಧ್ಯಾಹ್ನ ಆಕಾಶ ಕಂದುಬಣ್ಣಕ್ಕೆ ತಿರುಗಿ ಧೂಳಿನ ಗಾಳಿ ಎದ್ದಿತು. ನಾನು ಅತ್ತಿಗೆಯ ಜೊತೆ ಮನಾಮಾದ ಸೂಕ್ ಎಂಬ ಪೇಟೆಯಲ್ಲಿದ್ದೆ. ಟ್ಯಾಕ್ಸಿ ಸಿಗಲಿಲ್ಲ, ಬಸ್ಸು ಸೇತುರಸ್ತೆಯ ಮೇಲೆ ಇರುವೆಯ ಹಾಗೆ ನಡೆಯಿತು. ಓಡಿ ಮೆಟ್ಟಿಲು ಹತ್ತಿದರೆ ತಾರಸಿಯಲ್ಲಿ ಹೊಸ ಏಸಿಯ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲಾಗಿತ್ತು, ಮೇಲೆ ಎರಡು ಕಲ್ಲು. ಪಕ್ಕದಲ್ಲಿ ಅಣ್ಣ, ತಲೆ ಮೀಸೆಯೆಲ್ಲ ಮಣ್ಣುಬಣ್ಣ. ಕೆಲಸದ ನಡುವೆ ಪಿಕಪ್ಪು ತಿರುಗಿಸಿ ಬಂದಿದ್ದ.

"ನೋಡ್ಬೇಡ, ಈಗ ತೆಗೀಬೇಡ," ಎಂದ. "ಗಾಳಿ ನಿಲ್ಲಲಿ."

ಎರಡು ದಿನ ಬಿಟ್ಟು ಹೂ ಬಂತು. ಗೇಣಿಗೂ ಕಡಿಮೆ ಎತ್ತರದ ದಂಟು, ಅದರ ಸುತ್ತ ನೇರಳೆಗೆಂಪು ಕೊಳವೆಗಳು, ಮುಂದೆ ಬಾಯಿ ತೆರೆದು, ಹಿಂದೆ ಬಾಲ ಮೇಲೆತ್ತಿ. "ಬೂತಾಯಿ ಮೀನು ಸಾಲು ಕಟ್ಟಿದ ಹಾಗೆ ಉಂಟು," ಎಂದರು ಅತ್ತಿಗೆ. ಯಾವ ಪುಸ್ತಕದಲ್ಲೂ ಇದಕ್ಕಿಂತ ಸರಿಯಾಗಿ ಬರೆದದ್ದನ್ನು ನಾನು ಓದಿಲ್ಲ. ಹನ್ನೆರಡರಲ್ಲಿ ಒಂಬತ್ತು ಅರಳಿದವು. ಎಲೆ ಮಾತ್ರ ಬಿಟ್ಟು ಮೊಗ್ಗು ಒಣಗಿದ ಮೂರೂ ಒಂದೇ ಡಬ್ಬದವು, ಸೇಬಿನ ಪಕ್ಕ ಇದ್ದ ಡಬ್ಬ. ಅದನ್ನು ಅಣ್ಣನೇ ಗುರುತು ಹಿಡಿದದ್ದು.

ಸುದ್ದಿ ತಿಳಿದು ಮಿಸೆಸ್ ಲೋಗನ್ ಅರಾದಿಗೆ ಬಂದರು. ಮೆಟ್ಟಿಲು ಹತ್ತಿ, ಬೋರಲು ಹಾಕಿದ ಬಕೆಟಿನ ಮೇಲೆ ಕೂತು, ಬಾಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ದಂಟು ಇನ್ನೂ ಸ್ವಲ್ಪ ಕುಳ್ಳಗಿರಬೇಕಿತ್ತು," ಎಂದರು. ಅತ್ತಿಗೆ ಚಹಾ ತಂದುಕೊಟ್ಟದ್ದು ಆರಿ ಹೋಯಿತು.

ಪ್ರದರ್ಶನದ ಬೆಳಗ್ಗೆ

ಮನಾಮಾದ ಒಂದು ಶಾಲೆಯ ಹಾಲ್. ಉದ್ದ ಮೇಜುಗಳ ಮೇಲೆ ಬಿಳಿ ಬಟ್ಟೆ, ಪೆಟೂನಿಯಾ, ಗುಲಾಬಿ, ಕ್ಯಾಕ್ಟಸ್. ಗೋಡೆಯ ಉದ್ದಕ್ಕೂ ಮಾಲಿಗಳು. ಅಣ್ಣ ಚೆನ್ನಾದ ಡಬ್ಬವೊಂದನ್ನು ಮಡಿಲಲ್ಲಿ ಕೂಸಿನಂತೆ ಹಿಡಿದು ತಂದಿದ್ದ. ಡಬ್ಬಕ್ಕೆ ಸುತ್ತಿದ ಹಸಿರು ಕಾಗದ ಅತ್ತಿಗೆಯದು.

ನಮ್ಮ ಜಾಗ ಹುಡುಕಿ ನೋಡಿದರೆ ಕಾರ್ಡು ಆಗಲೇ ಅಲ್ಲಿತ್ತು. ಟೈಪ್ ಮಾಡಿದ ಕಾರ್ಡು. ಗಿಡದ ಹೆಸರು, ಅದರ ಕೆಳಗೆ: ಮಿಸೆಸ್ ಲೋಗನ್.

ಎರಡು ಸಲ ಓದಿದೆ. ಅಣ್ಣನೂ ಓದಿದ. "ಹೋಗ್ಲಿ ಬಿಡು," ಎಂದ ಮೆಲ್ಲಗೆ. "ಹೂ ಬಂತಲ್ಲ. ನಮಗೆ ಗೊತ್ತುಂಟಲ್ಲ."

"ನಮಗೆ ಗೊತ್ತಿದ್ದರೆ ಸಾಲುದಿಲ್ಲ," ಎಂದು ಕಾರ್ಯದರ್ಶಿಯ ಮೇಜಿಗೆ ಹೋದೆ. ಗಿಡ್ಡಗಿನ ಆಂಗ್ಲ ಗೃಹಸ್ಥರು. ಕಾರ್ಡಿನಲ್ಲಿ ಹೆಸರು ತಪ್ಪಿದೆ ಎಂದೆ.

ಪಟ್ಟಿ ನೋಡಿದರು. "ಇಲ್ಲ. ಅರ್ಜಿ ಮಿಸೆಸ್ ಲೋಗನ್ ಅವರದು."

"ಗಿಡ ಬೆಳೆಸಿದವಳು ನಾನು."

"ಖಂಡಿತ ಇರಬಹುದು," ಎಂದರು ಬಹಳ ವಿನಯದಿಂದ. "ಇಲ್ಲಿನ ಹೆಚ್ಚಿನ ಗಿಡಗಳನ್ನು ಬೆಳೆಸಿದವರು ಅವರು." ಗೋಡೆಯ ಕಡೆಗೆ ತಲೆ ಅಲ್ಲಾಡಿಸಿದರು. ಗೋಡೆಯವರು ನಮ್ಮನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ಮಿಸೆಸ್ ಲೋಗನ್ ಬಂದರು, ಜೊತೆಗೆ ಇಬ್ಬರು ಗೆಳತಿಯರು. ಆ ಗೆಳತಿಯರಿಗೆ ಅವರು ಏನು ಹೇಳಿದ್ದರೋ, ಒಬ್ಬರು ಆಗಲೇ ಅವರ ಕೈಹಿಡಿದು ಅಭಿನಂದಿಸುತ್ತಿದ್ದರು. ಮಿಸೆಸ್ ಲೋಗನ್ ಕಾರ್ಡು ನೋಡಿದರು. ನನ್ನನ್ನು ನೋಡಿದರು. ಮುಖಕ್ಕೆ ರಕ್ತ ಏರಿತು.

"ಅರ್ಜಿ ಕಳಿಸುವಾಗ ಪ್ರತಿ ವರ್ಷದ ಹಾಗೆ ತುಂಬಿಸಿ ಬಿಟ್ಟೆ," ಎಂದರು. ಆಮೇಲೆ ಸುಮ್ಮನಾದರು. ಆ ಸುಮ್ಮನಿರುವಿಕೆ ನನಗೆ ಅರ್ಥವಾಯಿತು. ಎರಡು ವರ್ಷ ಕಾದ ಹೂ, ತಾಯಿಯ ತೋಟದ ಹೂ, ತನ್ನ ಹೆಸರಿನಡಿ ನಿಂತಿದೆ. ಬಾಯಿ ಮುಚ್ಚಿಕೊಂಡರೆ ಸಾಕು. ನಾನು ಸಹಾಯಕ್ಕೆ ಹೋಗಲಿಲ್ಲ. ಪರವಾಗಿಲ್ಲ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ.

ಅವರು ಕಾರ್ಯದರ್ಶಿಯ ಜೇಬಿನಿಂದ ಪೆನ್ನು ಎಳೆದುಕೊಂಡರು. "ನಿಮ್ಮ ನಿಯಮದಲ್ಲಿ 'ಬೆಳೆಸಿದವರು' ಎಂದಿದೆ. ನಾನು ಇದಕ್ಕೆ ಒಂದು ಚಮಚ ನೀರು ಹಾಕಿದವಳಲ್ಲ," ಎಂದು ಕಾರ್ಡಿನಲ್ಲಿ ತಮ್ಮ ಹೆಸರಿನ ಮೇಲೆ ಗೆರೆ ಎಳೆದರು. ಪೆನ್ನು ನನ್ನ ಕೈಗೆ ಕೊಟ್ಟರು. "ನಿನ್ನ ಹೆಸರು ನೀನೇ ಬರೆ. ನನಗೆ ಸ್ಪೆಲಿಂಗ್ ತಪ್ಪುತ್ತದೆ."

ಬರೆದೆ. ಬಿ.ಎಸ್ಸಿ.ಯನ್ನೂ ಬಿಡಲಿಲ್ಲ.

ತೀರ್ಪುಗಾರರು ಒಬ್ಬರು ಮುದುಕರು, ಬಿಳಿ ಮೀಸೆ. ನಮ್ಮ ಡಬ್ಬದ ಮುಂದೆ ನಿಂತು ಎಷ್ಟು ವಾರ ಚಳಿ ಕೊಟ್ಟೆ ಎಂದು ಕೇಳಿದರು. ಹದಿನಾಲ್ಕು. ಎಷ್ಟು ಡಿಗ್ರಿ? ನಾಲ್ಕು. ಏರುಪೇರು? ನಾನು ಬಾಯಿ ತೆರೆಯುವ ಮೊದಲು ಹಿಂದಿನಿಂದ ಅಣ್ಣ ತನ್ನ ಇಂಗ್ಲಿಷಿನಲ್ಲಿ, "ನೋ ಅಪ್, ನೋ ಡೌನ್, ಸರ್," ಎಂದ. ನೀರು ಯಾವುದು ಎಂದಾಗ ಏಸಿಯ ನೀರು ಎಂದೆ. ಮುದುಕರು ತಲೆಯೆತ್ತಿ, "ಈ ದ್ವೀಪದಲ್ಲಿ ಮೂವತ್ತು ವರ್ಷ ನಾನು ಅದನ್ನು ಚೆಲ್ಲಿದ್ದೇನೆ," ಎಂದು ಪುಸ್ತಕದಲ್ಲಿ ಬರೆದುಕೊಂಡರು.

ಆ ಹೂವಿಗೆ ಅಲ್ಲಿ ವಿಭಾಗವೇ ಇರಲಿಲ್ಲ. ಯಾರೂ ಹಿಂದೆ ತಂದದ್ದಿಲ್ಲ. ಹಾಗಾಗಿ ಮಧ್ಯಾಹ್ನ ಬಹುಮಾನ ಹಂಚುವಾಗ ವಿಶೇಷ ಪ್ರಮಾಣಪತ್ರ ಎಂದು ಕೂಗಿದರು. ಎದ್ದು ಹೋದೆ. ದಪ್ಪ ಕಾಗದ, ಹಸಿರು ಅಂಚು, ಶಾಯಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೂಲೆ ಹಿಡಿದು ತಂದೆ. ಗೋಡೆಯ ಬದಿಯ ಒಬ್ಬ ಮಾಲಿ, ಮಲಯಾಳಿ ಇರಬೇಕು, ನಾನು ದಾಟುವಾಗ ಇಣುಕಿ ನೋಡಿ ಪಕ್ಕದವನಿಗೆ ಏನೋ ಹೇಳಿದ.

ಅಣ್ಣ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಪ್ರಮಾಣಪತ್ರ ತೆಗೆದುಕೊಂಡ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದ, ನನ್ನ ಹೆಸರು, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ಬಿ.ಎಸ್ಸಿ. ಅಲ್ಲಿ ಬೆರಳು ನಿಂತಿತು.

"ಇದು ಅವರೇ ಬರೆದದ್ದಾ, ನೀನು ಹೇಳಿ ಬರೆಸಿದ್ದಾ?"

"ನಾನೇ ಹೇಳಿ ಬರೆಸಿದ್ದು."

"ಒಳ್ಳೆದಾಯ್ತು," ಎಂದ ಅಣ್ಣ. "ಹೇಳದಿದ್ರೆ ಯಾರು ಬರೀತಾರೆ?"